ಅಣ್ಣನ ಪೆನ್ನಿಗೆ ರೀಫಿಲ್ಲು

ಕೌಂಟರಿನ ಹುಡುಗಿ ಪೆನ್ನನ್ನು ಎರಡೇ ಬೆರಳಲ್ಲಿ, ಸತ್ತ ಹಲ್ಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿ ನೋಡಿದಳು. ಅವನು ಕರ್ಚೀಫಿನಲ್ಲಿ ಸುತ್ತಿ, ಎದೆಯ ಜೇಬಿನಲ್ಲಿಟ್ಟು, ಬಸ್ಸಿನ ಉದ್ದಕ್ಕೂ ಮೇಲಿಂದ ಕೈ ಒತ್ತಿಕೊಂಡೇ ನಿಂತು ತಂದ ಪೆನ್ನು ಅದು. ಇವಳಪ್ಪನ ಮನೆ ಗಂಟೇನೂ ಹೋಗುವುದಿಲ್ಲವಲ್ಲ, ನೆಟ್ಟಗೆ ಹಿಡಿದರೆ ಏನಾಗುತ್ತಿತ್ತು ಎಂದು ಅವನಿಗೆ ಮೈ ಉರಿಯಿತು.

"ಇದಕ್ಕೆಲ್ಲ ಈಗ ಸಿಗಲ್ಲ ಅಂಕಲ್."

"ಸಿಗಲ್ಲ ಅಂದ್ರೆ ಹೇಗಮ್ಮ? ಪೆನ್ನು ಅಂದ್ಮೇಲೆ ರೀಫಿಲ್ಲು ಇರಲೇಬೇಕಲ್ಲ."

"ಇಂಕ್ ಪೆನ್ನಿಗೆ ರೀಫಿಲ್ ಅನ್ನಲ್ಲ. ಕಾರ್ಟ್ರಿಜ್ ಅಂತಾರೆ. ನಮ್ಮತ್ರ ಇರೋದು ಇದೊಂದೇ ಥರ." ಮಸಿ ತುಂಬಿದ ಕಿರುಬೆರಳಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆಯೊಂದನ್ನು ತೆಗೆದು ಪೆನ್ನಿನ ಕತ್ತಿಗೆ ಒತ್ತಿದಳು. ಅದು ಒಳಗೆ ಹೋಯಿತು, ಸಡಿಲವಾಗಿ ಅತ್ತಿತ್ತ ಆಡಿತು, ಗಾಜಿನ ಮೇಲೆ ಉದುರಿತು. "ನೋಡಿ. ಲೂಸು."

"ಬೇರೆ ಸೈಜು ತೋರ್ಸಮ್ಮ."

"ಸೈಜ್ ಸೈಜ್ ಇಟ್ಕೊಳೋಕೆ ಇದೇನು ಚಪ್ಪಲಿ ಅಂಗಡೀನಾ ಅಂಕಲ್?"

ಅವಳು ನಕ್ಕಳು. ಪಕ್ಕದಲ್ಲಿ ಅಂಟು ಕೊಳ್ಳುತ್ತಿದ್ದ ಹೆಂಗಸೂ ನಕ್ಕಳು. ಅವನು ಮಾತ್ರ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ನಿಂತ. ಇವಳಿಗೆ ಗೊತ್ತಾಯಿತೇ? ನಲವತ್ತು ವರ್ಷ ಚಪ್ಪಲಿ ಅಂಗಡಿಯಲ್ಲಿ ಮೊಣಕಾಲೂರಿ ಊರಿನವರ ಪಾದ ಹಿಡಿದದ್ದು ಮುಖದ ಮೇಲೆ ಬರೆದಿರುತ್ತದೆಯೇ? ಅವನು ಬಗ್ಗಿ ಅವಳ ಕಾಲು ನೋಡಲು ಹೋದ. ಕೌಂಟರು ಅಡ್ಡ. ಕಾಲು ಕಾಣಿಸದ ಮನುಷ್ಯರನ್ನು ಅಳೆಯುವುದು ಅವನಿಗೆ ಬರುತ್ತಿರಲಿಲ್ಲ. ಮುಖ ಎಲ್ಲರೂ ತೊಳೆದುಕೊಂಡು ಬರುತ್ತಾರೆ. ಹಿಮ್ಮಡಿಯ ಕಡೆ ಯಾರ ಲಕ್ಷ್ಯವೂ ಇರುವುದಿಲ್ಲ. ಬೂಟು ಬಿಚ್ಚಿದ ಕೂಡಲೇ ಎಂಥೆಂಥ ದೊಡ್ಡವರ ಯೋಗ್ಯತೆಯೂ ಮೂಗಿಗೇ ಬರುತ್ತಿತ್ತು. ಅವರು ಮೇಲೆ ಕೂತು ಫ್ಯಾನು ನೋಡುತ್ತಿದ್ದರು, ಇವನು ಕೆಳಗೆ ಕೂತು ಅವರ ತೂತು ಬಿದ್ದ ಕಾಲುಚೀಲ ನೋಡುತ್ತಿದ್ದ. ಪೆನ್ನನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿಕೊಂಡು, "ಆಯ್ತಮ್ಮ, ಥ್ಯಾಂಕ್ಸ್" ಎಂದು ಹೊರಬಿದ್ದ. ಥ್ಯಾಂಕ್ಸ್ ಯಾಕೆ ಹೇಳಿದೆ ಎಂದು ಬೀದಿಯ ಕೊನೆಯವರೆಗೂ ತನ್ನನ್ನೇ ಬೈದುಕೊಂಡ.

ಇವತ್ತೇ ಆಗಬೇಕು. ಮಧ್ಯಾಹ್ನ ಕಳೆದ ಮೇಲೆ ಅಣ್ಣನ ಮಗಳು ಕಾರು ತಂದು ಅಪ್ಪನನ್ನು ತನ್ನ ಊರಿಗೆ ಕರೆದುಕೊಂಡು ಹೋಗುತ್ತಾಳೆ, ಅಲ್ಲಿಂದ ಅಣ್ಣ ವಾಪಸು ಬರುವುದಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೆ ಅತ್ತಿಗೆ ಚಳಿಗಾಲದ ಬಟ್ಟೆಯನ್ನೂ ಸೂಟ್‌ಕೇಸಿಗೆ ತುಂಬುತ್ತಿದ್ದಳು. ಗಂಟಲ ಆಪರೇಷನ್ನಿನಲ್ಲಿ ಅಣ್ಣನ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದರು. ಕತ್ತಿನಲ್ಲೊಂದು ತೂತು, ಅದರ ಮುಂದೆ ಬಿಳಿ ಬಟ್ಟೆಯ ತುಂಡು. ಉಸಿರಾಟ ಎಲ್ಲ ಅಲ್ಲಿಂದಲೇ. ಕೈ ಕಣ್ಣು ಬುದ್ಧಿ ಎಲ್ಲ ನೆಟ್ಟಗಿತ್ತು, ಬುದ್ಧಿಯಂತೂ ಬೇಕಾದ್ದಕ್ಕಿಂತ ಜಾಸ್ತಿ. ಬರೆದು ಹೇಳಲಿ ಎಂದು ಮಗಳು ಬಾಲ್ ಪೆನ್ ಕೊಟ್ಟರೆ ಅದನ್ನು ಕಿಟಕಿಯಿಂದ ಆಚೆ ಎಸೆದ. ಅತ್ತಿಗೆ ಸ್ಲೇಟು ತಂದಿಟ್ಟಾಗ ಒಂದು ದಿನ ಪೂರ್ತಿ ಅವಳ ಕಡೆ ತಿರುಗಿ ನೋಡಲಿಲ್ಲ. ಬೇಕಾದ್ದಕ್ಕೆಲ್ಲ ಚಿಟಿಕೆ ಹೊಡೆಯುತ್ತಿದ್ದ, ಒಂದು ಚಿಟಿಕೆಗೆ ನೀರು, ಎರಡಕ್ಕೆ ದಿಂಬು. "ಬಾಯಿದ್ದಾಗ ಬೈತಿದ್ರು, ಈಗ ಚಿಟಿಕೆ ಹೊಡೀತಾರೆ. ನನಗೇನೂ ಅಂಥ ವ್ಯತ್ಯಾಸ ಗೊತ್ತಾಗ್ತಿಲ್ಲ ಮರಿ" ಎಂದಿದ್ದಳು ಅತ್ತಿಗೆ. ಮರಿ ಎನ್ನುವುದು ಅವನ ಮನೆ ಹೆಸರು. ತಲೆಯ ಕೂದಲೆಲ್ಲ ಉದುರಿ, ಹಲ್ಲಿನ ಸೆಟ್ಟು ಬಂದು, ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೂ ಆ ಮನೆಯಲ್ಲಿ ಅವನು ಮರಿಯೇ. ಆದರೆ ನಿನ್ನೆ ಅಣ್ಣ ಮೇಜಿನ ಡ್ರಾಯರಿನಿಂದ ತನ್ನ ಹಳೆಯ ಪೆನ್ನು ತೆಗೆಸಿ, ಅದು ಒಣಗಿ ಗೀಚದೇ ಹೋದಾಗ, ಅಲ್ಲಿದ್ದ ಹೆಂಡತಿಯನ್ನು ಬಿಟ್ಟು, ಫೋನಿನಲ್ಲಿದ್ದ ಮಗಳನ್ನು ಬಿಟ್ಟು, ಬೆರಳು ನೀಡಿ ತೋರಿಸಿದ್ದು ಅವನನ್ನು. ಬೆರಳು ಎದೆಗೇ ನೆಟ್ಟಿತ್ತು. ಆಮೇಲೆ ಪೆನ್ನಿಗೆ, ಆಮೇಲೆ ಮತ್ತೆ ಅವನಿಗೆ.

ಅಂದರೆ ಹೇಳುವುದಿದೆ. ತನಗೇ ಹೇಳುವುದಿದೆ. ಏನು ಎನ್ನುವುದೂ ಅವನಿಗೆ ಗೊತ್ತಿತ್ತು, ಬೇರೆ ಇನ್ನೇನಿರಲು ಸಾಧ್ಯ? ಅಂಗಡಿಯ ಆ ದಿನದ್ದು. ಅಣ್ಣ ಆಗ ಪರೀಕ್ಷೆ ಕಚೇರಿಗೆ ದೊಡ್ಡ ಅಧಿಕಾರಿ. ಪಾಸಾದವರಿಗೆಲ್ಲ ಕೊಡುವ ಸರ್ಟಿಫಿಕೇಟಿನ ಬುಡದಲ್ಲಿ ಅವನ ಸಹಿ ಇರುತ್ತಿತ್ತು, ಬಾಲ ತಿರುಗಿಸಿದ ಎರಡು ಗೆರೆ, ಒಂದು ಚುಕ್ಕೆ. ಚಪ್ಪಲಿ ಅಂಗಡಿಯ ಯಜಮಾನ ತನ್ನ ಮಗನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ನೇತುಹಾಕಿದ್ದ. ಹಾಗಾಗಿ ಇವನು ದಿನಾ ಬೆಳಗ್ಗೆ ಅಣ್ಣನ ಸಹಿಯ ಕೆಳಗೇ ಕಸ ಗುಡಿಸುತ್ತಿದ್ದ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಆ ಸಹಿಯನ್ನು ಮಾತ್ರ ದೂರದಿಂದ ಓದಬಲ್ಲವನಾಗಿದ್ದ. ಒಂದು ದಿನ ಅಣ್ಣ ಕಚೇರಿಯ ಇನ್ನಿಬ್ಬರ ಜೊತೆ ಒಳಗೆ ಬಂದ, ಬೆಂಚಿನ ಮೇಲೆ ಕೂತ, ಬಲಗಾಲು ಮುಂದೆ ಚಾಚಿದ. ಇವನು ಮೊಣಕಾಲೂರಿ, ಬಾಯಿ ತುಂಬ ನಗು ತಂದುಕೊಂಡು, "ಅಣ್ಣ" ಎನ್ನಲು ಬಾಯಿ ತೆರೆದ. ಅಣ್ಣ ಅವನ ತಲೆಯ ಮೇಲಿಂದ ಬೂಟಿನ ಕಪಾಟು ನೋಡುತ್ತ, "ಎಂಟು ನಂಬರು ಕೊಡಪ್ಪ, ಬೇಗ" ಎಂದ. ಕೊಡಪ್ಪ. ಗುರುತಿಲ್ಲದವರಿಗೆ ಅನ್ನುವ ಹಾಗೆ, ಅಷ್ಟೇ ಮರ್ಯಾದೆಯಿಂದ. ಲೇ ಎಂದಿದ್ದರೆ ಆಗುತ್ತಿತ್ತು, ಮುಖದ ಮೇಲೆ ಉಗಿದಿದ್ದರೂ ಮನೆಯ ಮಾತು ಎಂದು ಒರೆಸಿಕೊಳ್ಳಬಹುದಿತ್ತು. ಇವನು ಎಂಟು ನಂಬರು ತಂದು ಹಾಕಿದ, ಲೇಸು ಕಟ್ಟಿದ, ಹೆಬ್ಬೆರಳು ಒತ್ತಿ "ಇಲ್ಲಿ ಬಿಗಿಯಾಗ್ತಿದೆಯಾ ಸಾರ್?" ಎಂದೂ ಕೇಳಿದ. ಸಾರ್ ಎಂದು ಅಂದವನು ತಾನೇ ಎನ್ನುವುದು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಇವತ್ತಿಗೂ ಇತ್ತು. ಅಣ್ಣನನ್ನು ಅವನು ಯಾವತ್ತೋ ಕೀಳಾಗಿ ಕಂಡು ಮುಗಿಸಿದ್ದ. ತನ್ನನ್ನೇ ಕೀಳಾಗಿ ಕಾಣುವುದು ಮಾತ್ರ ಮುಗಿದಿರಲಿಲ್ಲ.

ಅಣ್ಣ ಅದನ್ನೇ ಬರೆಯುತ್ತಾನೆ, ಒಂದೇ ಸಾಲು ಆದರೂ ಸೈ. ಬರೆದು ಕೊಟ್ಟಾಗ ಏನು ಹೇಳಬೇಕೆಂದು ಅವನು ನಿನ್ನೆಯಿಂದ ಸಿದ್ಧಮಾಡಿಕೊಂಡಿದ್ದ. ಹಾಳೆಯನ್ನು ಪೂರ್ತಿ ಓದದವನ ಹಾಗೆ ಮಡಚಿ, ಆಕಳಿಸುತ್ತ, "ಅಯ್ಯೋ, ಅದಾ? ಅದನ್ನು ಯಾರು ನೆನಪಿಟ್ಕೊಂಡಿದ್ದಾರೆ ಬಿಡು" ಎನ್ನಬೇಕು. ಬಿಡು ಎನ್ನುವಾಗ ಕೈ ಸ್ವಲ್ಪ ಬೀಸಬೇಕು, ನೊಣ ಓಡಿಸುವಷ್ಟೇ. ಆಕಳಿಕೆ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂದು ಬೆಳಗ್ಗೆ ಕನ್ನಡಿಯ ಮುಂದೆ ನಿಂತು ನೋಡಿಕೊಂಡೂ ಇದ್ದ. ಅಣ್ಣ ಕೇಳುವ ಕ್ಷಮೆಯನ್ನು ಕಾಲ ಕಸದ ಹಾಗೆ ಒದ್ದು ತಳ್ಳುವ ಸುಖಕ್ಕಾಗಿ ಈ ಬಿಸಿಲಿನಲ್ಲಿ, ಊದಿದ ಮಂಡಿ ಎಳೆದುಕೊಂಡು, ಅಂಗಡಿ ಅಂಗಡಿ ಅಲೆಯುತ್ತಿದ್ದೇನೆ ಎಂದು ತನಗೇ ಹೇಳಿಕೊಂಡ. ಹೇಳಿಕೊಂಡಾಗ ಅದು ಅಷ್ಟೇನೂ ನಿಜವೆಂದು ಅನ್ನಿಸಲಿಲ್ಲ. ಅಂಟು ಕೊಂಡ ಹೆಂಗಸು ಹಿಂದಿನಿಂದ ಬಂದು ಅವನನ್ನು ದಾಟಿಹೋದಳು, ಚಪ್ಪಲಿಯ ಸವೆದ ಹಿಮ್ಮಡಿ ಒಳಕ್ಕೆ ವಾಲಿತ್ತು. ನಗುವವಳು, ನೋಡಿಕೋ ಎಂದುಕೊಂಡ.

ಗಡಿಯಾರದ ಅಂಗಡಿಯ ಮಹಡಿಯಲ್ಲಿ ಪೆನ್ನು ರಿಪೇರಿಯವನೊಬ್ಬನಿದ್ದಾನೆ ಎಂದು ಯಾರೋ ಹೇಳಿದ್ದರು. ಜನ ಅವನನ್ನು ಪೆನ್ ಡಾಕ್ಟರು ಎನ್ನುತ್ತಿದ್ದರು, ಅದು ಕೇಳಿ ಕೇಳಿ ತಾನು ಡಾಕ್ಟರೇ ಎಂದು ಅವನಿಗೂ ಅನ್ನಿಸಿಬಿಟ್ಟಿರಬೇಕು. ಮೇಜಿನ ಮೇಲೆ ಹಸಿರು ಮಖಮಲ್ಲು ಹಾಸಿದ್ದ, ಹಣೆಯ ಮೇಲೆ ಭೂತಗನ್ನಡಿ ಕಟ್ಟಿದ್ದ, ಬಂದವರಿಗೆ ಕೂರಲು ಕುರ್ಚಿ ಇಟ್ಟಿರಲಿಲ್ಲ. ಆದರೆ ಮೇಜಿನ ಕೆಳಗೆ ಕಾಲು ಕಾಣುತ್ತಿತ್ತು. ಚೂಪು ಮೂತಿಯ ಕಂದು ಬೂಟು, ಒಂದು ನಂಬರು ಚಿಕ್ಕದು. ಕಿರುಬೆರಳ ಕಡೆ ತೊಗಲು ಉಬ್ಬಿಕೊಂಡಿತ್ತು. ಇವನಿಗೆ ಸ್ವಲ್ಪ ಸಮಾಧಾನವಾಯಿತು.

ಪೆನ್ ಡಾಕ್ಟರು ಪೆನ್ನಿನ ಕತ್ತು ತಿರುಚಿ ಬಿಚ್ಚಿದ. ಬೆಳಕಿಗೆ ಹಿಡಿದ. ಅವನ ದನಿಯೇ ಬದಲಾಯಿತು.

"ಎಲ್ಲಿ ಸಿಕ್ತು ಇದು ನಿಮಗೆ?"

ನಿಮಗೆ ಎನ್ನುವುದನ್ನು ಒತ್ತಿದ ರೀತಿ ನೋಡಿ, "ಕದ್ದಿದ್ದಲ್ಲ. ನಮ್ಮಣ್ಣಂದು" ಎಂದ ಇವನು.

"ಈ ಕಂಪನಿ ಮುಚ್ಚಿ ಯಾವ ಕಾಲ ಆಯ್ತು ಗೊತ್ತಾ?"

"ಗೊತ್ತಿದ್ರೆ ನಿಮ್ಮ ಮೆಟ್ಲು ಯಾಕೆ ಹತ್ತುತ್ತಿದ್ದೆ?"

"ಕೋಪ ಮಾಡ್ಕೋಬೇಡಿ. ಈ ಪೆನ್ನಿನೋರು ಕಾರ್ಟ್ರಿಜ್ಜಿನ ಬಾಯಿಗೆ ತಮ್ಮದೇ ಒಂದು ಅಳತೆ ಇಟ್ಟಿದ್ರು. ಬೇರೆ ಯಾರದೂ ಇದಕ್ಕೆ ಕೂರಲ್ಲ. ಊರೆಲ್ಲ ತಿರುಗಿದ್ರೂ ಸಿಗಲ್ಲ. ಸಿಗೋದೂ ಬೇಡ. ಒಳಗೆ ಹಳೇದಿತ್ತಲ್ಲ, ಖಾಲಿದು, ಅದನ್ನು ಕೊಡಿ. ತೊಳೆದು ಸಿರಿಂಜಲ್ಲಿ ಇಂಕು ತುಂಬಿದ್ರೆ ಆಯ್ತು."

ಅವನು ಖಾಲಿ ಕರ್ಚೀಫನ್ನು ನಾಲ್ಕಾಗಿ ಮಡಚಿದ.

"ಎಲ್ಲಿ, ಕೊಡಿ."

"ಎಸೆದೆ."

"ಏನಂದ್ರಿ?"

"ಖಾಲಿಯಾಗಿತ್ತಲ್ಲ. ಕರ್ರಗೆ ಒಣಗಿ ಅಂಟ್ಕೊಂಡಿತ್ತು. ನಿನ್ನೆ ಪೆನ್ನು ತೊಳೆಯೋವಾಗ ಎಸೆದೆ. ಖಾಲಿ ರೀಫಿಲ್ಲನ್ನ ಯಾರಾದ್ರೂ ಇಟ್ಕೋತಾರಾ?"

ಪೆನ್ ಡಾಕ್ಟರು ಭೂತಗನ್ನಡಿಯನ್ನು ಹಣೆಯಿಂದ ಬಿಚ್ಚಿ ಮಖಮಲ್ಲಿನ ಮೇಲಿಟ್ಟ, ಸಾವಿನ ಸುದ್ದಿ ಹೇಳುವವನ ಹಾಗೆ. "ಪೆನ್ನು ಎಸೆದು ಅದನ್ನ ತಂದಿದ್ರೂ ನಿಮಗೆ ಮರ್ಯಾದೆ ಕೊಡ್ತಿದ್ದೆ ಕಣ್ರೀ. ನಿಮ್ಮಂಥ ಬಾಲ್ ಪೆನ್ ಜನಕ್ಕೆ ಇಂಥ ಪೆನ್ನು ಯಾಕ್ರೀ? ನನಗೆ ಕೊಟ್ಟುಬಿಡಿ. ಕಪಾಟಿನಲ್ಲಾದ್ರೂ ನೆಮ್ಮದಿಯಾಗಿರುತ್ತೆ."

"ನಿಮ್ಮ ಬೂಟು ಒಂದು ನಂಬರು ಚಿಕ್ಕದು" ಎಂದ ಅವನು. ಇದಕ್ಕಿಂತ ದೊಡ್ಡ ಬೈಗುಳ ಅವನಿಗೆ ಗೊತ್ತಿರಲಿಲ್ಲ. "ಕಿರುಬೆರಳಿಗೆ ಆಣಿ ಆಗಿದೆ. ಸಾಯಂಕಾಲ ಬಿಚ್ಚೋವಾಗ ಪ್ರಾಣ ಹೋಗುತ್ತಲ್ಲ?"

"ಹೋದ್ರೆ ನನ್ನ ಪ್ರಾಣ. ನೀವು ಮನೆಗೆ ಹೋಗಿ ಕಸ ಕೆದಕಿ." ಒಂದು ಸೀಸೆ ಇಂಕು, ಸೂಜಿ ಮೊಂಡು ಮಾಡಿದ ಒಂದು ಸಿರಿಂಜು ಕಾಗದದಲ್ಲಿ ಸುತ್ತಿ ಮುಂದೆ ತಳ್ಳಿದ. ಇವನು ದುಡ್ಡು ಕೊಟ್ಟು ಇಳಿದ. ಮೆಟ್ಟಿಲ ಮೇಲೆ ಇದ್ದಕ್ಕಿದ್ದಂತೆ ಕಿವಿ ಬಿಸಿಯಾಯಿತು. ನಿನ್ನೆ ಅಣ್ಣನ ಅಡುಗೆಮನೆಯ ನಲ್ಲಿಯ ಕೆಳಗೆ ಪೆನ್ನು ಹಿಡಿದು, ಹಳೆಯ ಟೂತ್‌ಬ್ರಷ್ಷಿನಲ್ಲಿ ನಿಬ್ಬು ಉಜ್ಜಿ ಉಜ್ಜಿ, ಹೊಸದರ ಹಾಗೆ ಹೊಳೆಸಿ ಅಣ್ಣನ ಕಣ್ಣ ಮುಂದೆ ಹಿಡಿಯಬೇಕೆಂದು ಆಸೆಪಟ್ಟಿದ್ದ. ಕೊಳಕು ಎಂದು ಆ ಕೊಳವೆಯನ್ನು ಕಿತ್ತೆಸೆದದ್ದು ಅದಕ್ಕೇ. ಮೆಚ್ಚಿಸುವ ಚಟ. ಬೂಟು ಕೊಳ್ಳದೆ ಎದ್ದು ಹೋಗುವವರಿಗೂ ಬಾಗಿಲು ತೆರೆದು ಹಿಡಿಯುತ್ತಿದ್ದ ಚಟ.

ಅಣ್ಣ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ತಲೆ ಬಾಚಿಸಿಕೊಂಡು, ಹೊರಡುವ ಬಟ್ಟೆ ಹಾಕಿಸಿಕೊಂಡು ಕೂತಿದ್ದ. ಇವನು ಬಂದದ್ದು ನೋಡಿ ಹುಬ್ಬು ಮೇಲೆತ್ತಿದ. ಇವನು ಪೊಟ್ಟಣವನ್ನು ಹಿಂದಕ್ಕೆ ಮರೆಮಾಡಿ ಅಡುಗೆಮನೆಗೆ ಹೋಗಿ ಬುಟ್ಟಿ ನೋಡಿದ. ಖಾಲಿ.

"ಅತ್ತಿಗೆ, ನಿನ್ನೆ ಕಸ ಹೋಯ್ತಾ?"

"ಕಸದ ಯೋಗಕ್ಷೇಮ ವಿಚಾರಿಸೋರು ಈ ಮನೇಲಿ ನೀನೊಬ್ಬನೇ ಕಣಪ್ಪ" ಎಂದಳು ಅತ್ತಿಗೆ, ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ಪು ಎಳೆಯುತ್ತ. "ಬಾಗಿಲ ಹೊರಗೆ ಚೀಲದಲ್ಲಿದೆ. ಒಯ್ಯೋನು ಇವತ್ತು ಬಂದಿಲ್ಲ. ಯಾಕೆ?"

ಅವನು ಬಾಗಿಲ ಹೊರಗಿನ ಕಾರಿಡಾರಿನಲ್ಲಿ ಹಳೆಯ ಪೇಪರು ಹರಡಿ, ಚೀಲ ಬೋರಲು ಹಾಕಿ, ಮೊಣಕಾಲೂರಿ ಕೂತ. ಮಂಡಿ ಲಟಕ್ಕೆಂದಿತು. ಈ ಕೂರುವ ಭಂಗಿಯಲ್ಲಿ ಮೈಗೆ ಏನೂ ಹೊಸದಿರಲಿಲ್ಲ. ಚಹಾ ಚರಟ, ಮೊಟ್ಟೆ ಸಿಪ್ಪೆ, ಅಣ್ಣನ ಕತ್ತು ಒರೆಸಿ ಎಸೆದ ಹತ್ತಿ, ಹಳದಿ ಕಲೆಯ ಪಟ್ಟಿ. ಎಲ್ಲವನ್ನೂ ಬರಿಗೈಯಲ್ಲಿ ಸರಿಸಿದ. ಎಷ್ಟು ದೊಡ್ಡ ಅಧಿಕಾರಿಯ ಮೈಯಿಂದ ಬಂದರೂ ಇದು ಇದೇ ನಾತ ಎಂದುಕೊಂಡ. ಹಾಗೆ ಅಂದುಕೊಂಡದ್ದು ಹೇಸಿಗೆಯಾಯಿತು, ಖುಷಿಯೂ ಆಯಿತು. ಪಕ್ಕದ ಮನೆಯ ಯಜಮಾನ ತರಕಾರಿ ಚೀಲ ಹಿಡಿದು ಬಂದವನು ಗೋಡೆಗೆ ಒತ್ತಿಕೊಂಡು ದಾಟುತ್ತ, "ಏನಾದ್ರೂ ಕಳ್ಕೊಂಡ್ರಾ?" ಎಂದ. ಇವನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಒಳಗಿನಿಂದ, "ಕಳ್ಕೊಳೋಕೆ ಅವನತ್ರ ಏನಿದೆ? ಅವರಣ್ಣಂದೇನೋ ಹುಡುಕ್ತಿದ್ದಾನೆ" ಎಂದಳು. ಪಕ್ಕದ ಮನೆಯವನು ಅರ್ಥವಾದವನಂತೆ ತಲೆಯಾಡಿಸಿ ಹೋದ. ಏನು ಅರ್ಥವಾಯಿತು ಈ ಬೋಳಿಮಗನಿಗೆ? ತಲೆಯೆತ್ತಿ ನೋಡಿದರೆ ತೆರೆದ ಬಾಗಿಲಿನಿಂದ, ಕುರ್ಚಿಯಲ್ಲಿ ಕೂತಲ್ಲಿಂದಲೇ, ಅಣ್ಣ ಇವನನ್ನೇ ನೋಡುತ್ತಿದ್ದ. ಈ ಸಲ ತಲೆಯ ಮೇಲಿಂದ ಅಲ್ಲ. ಚಹಾ ಚರಟದ ಒದ್ದೆ ಮುದ್ದೆಯೊಳಗೆ ಬೆರಳಿಗೆ ಗಟ್ಟಿಯಾಗಿ ಏನೋ ತಾಗಿತು.

ತೊಳೆದ. ಬಿಸಿನೀರಿನಲ್ಲಿ ನೆನೆಹಾಕಿ, ಊದಿ, ಮತ್ತೆ ತೊಳೆದ. ಸಿರಿಂಜಿನಲ್ಲಿ ಇಂಕು ಎಳೆದು, ಕೊಳವೆಯ ಬಾಯಿಗೆ ಮೊಂಡು ಸೂಜಿ ಇಟ್ಟು, ತುಂಬಿದ. ಎರಡು ಹನಿ ಅಂಗಿಯ ಮೇಲೆ ಬಿತ್ತು. ಪೆನ್ನಿನ ಕತ್ತಿಗೆ ಒತ್ತಿದ ಕೂಡಲೇ ಅದು ಟಕ್ಕೆಂದು ಕೂತಿತು. ಸರಿಯಾದ ಬೂಟಿನೊಳಗೆ ಹಿಮ್ಮಡಿ ಇಳಿಯುವಾಗ ಕೈಗೆ ಆಗುವ ಹಾಗೇ ಆಯಿತು. ಆ ಒಂದು ಕ್ಷಣ ಅವನಿಗೆ ಯಾರ ಮೇಲೂ ಕೋಪವಿರಲಿಲ್ಲ. ಹಲಗೆ, ಬಿಳಿ ಹಾಳೆಗಳು, ಪೆನ್ನು ಒಯ್ದು ಅಣ್ಣನ ತೊಡೆಯ ಮೇಲಿಟ್ಟ. ಅತ್ತಿಗೆ ಸೆರಗಿನಲ್ಲಿ ಕೈ ಒರೆಸುತ್ತ ಬಂದು ಕುರ್ಚಿಯ ಹಿಂದೆ ನಿಂತಳು. "ಏನು ಬರೀತಾರೋ ನೋಡೋಣ. ನನ್ನ ಮೇಲೆ ದೂರು ಇದ್ರೆ ಜೋರಾಗಿ ಓದಬೇಡ ಮರಿ, ನನಗೆಲ್ಲ ಬಾಯಿಪಾಠ."

ಅಣ್ಣ ನಿಬ್ಬಿನ ತುದಿಯನ್ನು ಹಾಳೆಯ ಮೂಲೆಗೆ ತಾಗಿಸಿ ನೋಡಿದ. ಮಸಿ ಇಳಿಯಿತು. ಬೆನ್ನು ನೆಟ್ಟಗೆ ಮಾಡಿಕೊಂಡ. ಇವನು ಎದುರಿಗೆ ಸ್ಟೂಲಿನ ಮೇಲೆ ಕೂತು, ಅಕ್ಷರ ಬುಡಮೇಲಾಗಿ ಕಾಣುತ್ತದೆಂದು ಕತ್ತು ವಾಲಿಸಿ, ಆಕಳಿಕೆಯನ್ನು ಗಂಟಲ ಬುಡದಲ್ಲಿ ತಯಾರಾಗಿ ಇಟ್ಟುಕೊಂಡ. ಅಣ್ಣ ಹಾಳೆಯ ಕೆಳಗಿನ ಬಲಮೂಲೆಗೆ ಕೈ ಇಳಿಸಿದ. ಎರಡು ಗೆರೆ, ತಿರುಗಿಸಿದ ಬಾಲ, ಒಂದು ಚುಕ್ಕೆ.

ಮೇಲೆ ಪೂರ್ತಿ ಬಿಳಿ. ಅಣ್ಣ ಪೆನ್ನು ದೂರ ಹಿಡಿದು ಸಹಿಯನ್ನು ನೋಡಿದ, ತಲೆಯನ್ನು ಈ ಕಡೆ ವಾಲಿಸಿ, ಆ ಕಡೆ ವಾಲಿಸಿ. ಅವನ ಮುಖದಲ್ಲಿ ಆಪರೇಷನ್ ಆದ ಮೇಲೆ ಯಾರೂ ಕಾಣದ ಗೆಲುವು ಬಂತು.

"ಅಯ್ಯೋ ಶಿವನೇ, ಇಷ್ಟಕ್ಕಾ?" ಎಂದಳು ಅತ್ತಿಗೆ. "ಇಷ್ಟಕ್ಕಾ ಅವನನ್ನ ಬಿಸಿಲಲ್ಲಿ ಅಟ್ಟಿದ್ದು?" ಅಣ್ಣ ತಿರುಗಲಿಲ್ಲ. ಅವಳು ಸೂಟ್‌ಕೇಸುಗಳ ಕಡೆ ಹೋದಳು.

ಇಷ್ಟಕ್ಕೇ. ಬೆರಳು ಎದೆಗೆ ನೆಟ್ಟದ್ದು ಅಂಗಡಿಗೆ ಓಡುವವನು ಇವನೇ ಎಂದು ಅಷ್ಟೇ. ಮಗಳಿಗೆ ಕೆಲಸ, ಹೆಂಡತಿಗೆ ಕಾಲುನೋವು, ಓಡಲು ಮರಿ. ಇವನು ಬುಡಮೇಲಾಗಿ ಕಂಡ ಸಹಿಯನ್ನು ನೋಡುತ್ತ ಕೂತ. ತಲೆಯೊಳಗೆ ಎಷ್ಟೆಲ್ಲ ಓಡಿತು, ಪೆನ್ನು ಕಸಿದು ನಿಬ್ಬನ್ನು ಹಲಗೆಗೆ ಕುಟ್ಟಿ ಮುರಿಯುವುದು, ಹಾಳೆ ಹರಿಯುವುದು, ಏನೂ ಆಗದವನ ಹಾಗೆ ಎದ್ದು ಹೋಗುವುದು. ಬಾಯಿಗೆ ಬಂದದ್ದು ಮಾತ್ರ, "ಅಣ್ಣ, ನನಗೆ ಏನಾದ್ರೂ ಹೇಳೋದಿತ್ತಾ?" ಆ ದನಿ ಕೇಳಿ ಅವನಿಗೇ ಅಸಹ್ಯವಾಯಿತು. ಕೈ ಒಡ್ಡಿದವನ ದನಿ.

ಅಣ್ಣ ಅವನನ್ನು ನೋಡಿದ. ಕೇಳಿಸಿತ್ತು. ಕೇಳಿಸಿದ್ದು ಕಣ್ಣಿನಲ್ಲಿತ್ತು. ಪೆನ್ನನ್ನು ಹಾಳೆಯ ಕಡೆ ಒಯ್ದ. ಅಲ್ಲೇ ನಿಲ್ಲಿಸಿದ, ಮಸಿ ತುದಿಯಲ್ಲಿ ಗುಂಡಾಗಿ ನಿಂತಿತು. ಆಮೇಲೆ ಪೆನ್ನು ಕೆಳಗಿಟ್ಟು, ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಬಾಯಿಯ ಹತ್ತಿರ ತಂದು, ಹಸಿ ಸಹಿಯನ್ನು ಒಣಗಿಸಲು ತುಟಿ ಮುಂದೆ ಮಾಡಿ ಊದಿದ. ಕೆನ್ನೆ ಒಳಕ್ಕೆ ಹೋಯಿತು. ತುಟಿಯಿಂದ ಏನೂ ಬರಲಿಲ್ಲ. ಕತ್ತಿನ ಮುಂದಿನ ಬಿಳಿ ಬಟ್ಟೆ ಹಾರಿ ಬಿತ್ತು. ಅಣ್ಣನಿಗೆ ಗೊತ್ತಾಗಲಿಲ್ಲ, ಅಥವಾ ಗೊತ್ತಾಗಿ ನಂಬಲಿಲ್ಲ. ಇನ್ನೂ ಜೋರಾಗಿ ಊದಿದ. ಬಟ್ಟೆ ಮತ್ತೆ ಹಾರಿತು, ಹಾಳೆ ಅಲುಗಲಿಲ್ಲ. ಮುಖ ಕೆಂಪಾಯಿತು. ಬಾಯಿಯಲ್ಲಿ ಉಸಿರಿಲ್ಲ ಎನ್ನುವುದು ಅಣ್ಣನಿಗೆ ಈಗ, ಇವನ ಎದುರಿಗೇ, ತಿಳಿಯುತ್ತಿತ್ತು. ಇವನು ಬಗ್ಗಿ ಕಾಲು ನೋಡಿದ. ಅಣ್ಣನ ಕಾಲು. ಕಾಲುಚೀಲ ತೊಡಿಸಿದವರು ಯಾರೋ ಅದರ ಹಿಮ್ಮಡಿ ಪಾದದ ಮೇಲಕ್ಕೆ ಬರುವ ಹಾಗೆ ತೊಡಿಸಿದ್ದರು.

ತಲೆ ಎತ್ತಿದಾಗ ಹಾಳೆ ತನ್ನ ಮುಖದ ಮುಂದಿತ್ತು. ಅಣ್ಣ ಅದನ್ನು ಇವನ ಬಾಯಿಗೆ ಹಿಡಿದಿದ್ದ. ಚಿಟಿಕೆ ಹೊಡೆಯಲಿಲ್ಲ. ಹುಕುಮೋ, ಬೇಡುವುದೋ? ಅಣ್ಣ ಬೇಡಿದ್ದನ್ನು ಇವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ನೋಡದ್ದನ್ನು ಗುರುತು ಹಿಡಿಯುವುದು ಹೇಗೆ? ಇದೇ ಹೊತ್ತು, ಎಂದುಕೊಂಡ. ಈಗ ಆಕಳಿಸಬಹುದು. ಈಗ ತಲೆಯ ಮೇಲಿಂದ ಕಿಟಕಿ ನೋಡಬಹುದು, ಬೇಗ ಆಗಲಪ್ಪ ಎನ್ನಬಹುದು. ನಲವತ್ತು ವರ್ಷ ಕಾದವನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನು ಸಿಗುವುದಿಲ್ಲ.

ಕೆಳಗೆ ಕಾರಿನ ಹಾರ್ನು ಕೇಳಿತು. "ಬಂದ್ಲು!" ಎಂದು ಅತ್ತಿಗೆ ಕೂಗಿದಳು. ಅವನು ತುಟಿ ಮುಂದೆ ಮಾಡಿ, ಮಸಿ ಹರಡಬಾರದೆಂದು ಮೆಲ್ಲಗೆ, ಬಿಸಿ ಹಾಲಿಗೆ ಊದುವ ಹಾಗೆ ಊದಿದ. ಅಣ್ಣ ಅವನ ತುಟಿಯನ್ನೇ ನೋಡುತ್ತಿದ್ದ. ಚುಕ್ಕೆ ಮೊದಲು ಒಣಗಿತು, ಆಮೇಲೆ ಒಂದು ಗೆರೆ. ಬಾಲದ ತುದಿ ಇನ್ನೂ ಹೊಳೆಯುತ್ತಿತ್ತು. ಅವನು ಮತ್ತೊಮ್ಮೆ ಉಸಿರು ಎಳೆದುಕೊಂಡ.